ನಡುಹಾದಿಯಲ್ಲಿ ನಿಂತ ಎಂಜಿನ್: ಸಣ್ಣ ವಿಮಾನಗಳ ಅಪಘಾತ ಚರಿತ್ರೆ

1909ರ ಜುಲೈ 19ರಂದು ಫ್ರಾನ್ಸಿನ ಕರಾವಳಿಯಿಂದ ಹ್ಯೂಬರ್ಟ್ ಲಾಥಮ್ ಇಂಗ್ಲೆಂಡಿನತ್ತ ಹಾರಿದರು. ಇಂಗ್ಲಿಷ್ ಕಡಲ್ಗಾಲುವೆಯನ್ನು ಆ ತನಕ ಯಾರೂ ವಿಮಾನದಲ್ಲಿ ದಾಟಿರಲಿಲ್ಲ. ಅರ್ಧ ದಾರಿ ಸವೆಯುವ ಮೊದಲೇ ಎಂಜಿನ್ ನಿಂತಿತು. ಲಾಥಮ್ ವಿಮಾನವನ್ನು ಮೆಲ್ಲಗೆ ನೀರಿನ ಮೇಲಿಳಿಸಿದರು. ಬೆಂಗಾವಲಿನ ಹಡಗು ಬರುವ ಹೊತ್ತಿಗೆ ಅವರು ತೇಲುತ್ತಿದ್ದ ವಿಮಾನದಲ್ಲೇ ಕೂತು ಸಿಗರೇಟು ಸೇದುತ್ತಿದ್ದರು. ಆರು ದಿನಗಳ ನಂತರ ಲೂಯಿ ಬ್ಲೇರಿಯೊ 25 ಅಶ್ವಶಕ್ತಿಯ ಎಂಜಿನ್ ನಂಬಿ ಸುಮಾರು 36 ನಿಮಿಷಗಳಲ್ಲಿ ಅದೇ ಕಡಲು ದಾಟಿದರು.

ಅಂದು ಎಂಜಿನ್ ನಿಂತರೆ ದೋಷ ಎಂಜಿನ್ನಿನದೇ ಎನ್ನಬಹುದಿತ್ತು. ನಂತರದ ತನಿಖೆಗಳನ್ನು ಓದಿದರೆ ಕಾಣುವ ಚಿತ್ರವೇ ಬೇರೆ. ‘ಎಂಜಿನ್ ಕೈಕೊಟ್ಟಿತು’ ಎಂದು ದಾಖಲಾದ ಎಷ್ಟೋ ಕಡೆ ಎಂಜಿನ್ ಗಟ್ಟಿಮುಟ್ಟಾಗಿಯೇ ಇತ್ತು. ಅದಕ್ಕೆ ಬೇಕಾದ ಕಿಡಿ, ಗಾಳಿ, ಇಂಧನಗಳಲ್ಲಿ ಒಂದು ತಲುಪಿರಲಿಲ್ಲ.

ಕಿಡಿಯ ಕಥೆಗೆ ಭಾರತದ ನಂಟಿದೆ. 1930ರಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬರೇ ಹಾರುವ ಆಗಾ ಖಾನ್ ಸ್ಪರ್ಧೆಯಲ್ಲಿ ಆಸ್ಪಿ ಎಂಜಿನಿಯರ್ ಎಂಬ ಪೈಲಟ್ ಸ್ಪಾರ್ಕ್ ಪ್ಲಗ್ ಇಲ್ಲದೆ ಈಜಿಪ್ಟಿನ ಅಬೂಕಿರ್‌ನಲ್ಲಿ ಸಿಕ್ಕಿಬಿದ್ದರು. ಎದುರು ದಿಕ್ಕಿನಿಂದ ಬಂದ ಪ್ರತಿಸ್ಪರ್ಧಿ ಜೆ.ಆರ್.ಡಿ. ಟಾಟಾ ತಮ್ಮಲ್ಲಿದ್ದ ಪ್ಲಗ್ ಕೊಟ್ಟರು. ಬಹುಮಾನ ಆಸ್ಪಿಗೆ ಸಂದಿತು. ಇಂದಿನ ಪಿಸ್ಟನ್ ವಿಮಾನಗಳ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸಿಲಿಂಡರಿಗೂ ಎರಡು ಪ್ಲಗ್, ಪ್ಲಗ್‌ಗಳಿಗೆ ವಿದ್ಯುತ್ ಒದಗಿಸುವ ಒಟ್ಟು ಎರಡು ಮ್ಯಾಗ್ನೆಟೊ ಇರುತ್ತವೆ. ಒಂದು ಸತ್ತರೆ ಇನ್ನೊಂದು ದಡ ಸೇರಿಸುತ್ತದೆ.

ಗಾಳಿಯ ತೊಂದರೆ ಇದಕ್ಕಿಂತ ಕಪಟಿ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಕಿರಿದಾದ ಕೊರಳಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಉಷ್ಣತೆ ಥಟ್ಟನೆ ಕುಸಿಯುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅಲ್ಲೇ ಮಂಜುಗಡ್ಡೆ ಕಟ್ಟಿ ಎಂಜಿನ್ನಿನ ಉಸಿರು ಬಿಗಿಯುತ್ತದೆ. ಇದಕ್ಕೆ ಚಳಿಗಾಲವೇ ಬೇಕೆಂದಿಲ್ಲ, ಸೆಕೆಯ ದಿನವೂ ಆಗಬಹುದು. ತನಿಖೆಯವರು ತಲುಪುವಷ್ಟರಲ್ಲಿ ಮಂಜು ಕರಗಿ, ಸಾಕ್ಷಿಯೇ ಉಳಿದಿರುವುದಿಲ್ಲ.

ಇಂಧನದ ಅಧ್ಯಾಯದಲ್ಲಿ ಮನಕಲಕುವ ಪ್ರಕರಣ ಗಾಯಕ ಜಾನ್ ಡೆನ್ವರ್ ಅವರದು. 1997ರ ಅಕ್ಟೋಬರ್ 12ರಂದು ಅವರ ಪುಟ್ಟ ಲಾಂಗ್-ಈಝಿ ವಿಮಾನ ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಗೆ ಬಿತ್ತು. ಟ್ಯಾಂಕ್ ಬದಲಿಸುವ ಹಿಡಿಯನ್ನು ವಿನ್ಯಾಸಕಾರ ಬರ್ಟ್ ರುಟಾನ್ ಪೈಲಟ್‌ನ ಕೈಗೆಟುಕುವಂತೆ ಕಾಲುಗಳ ನಡುವೆ ಇಟ್ಟಿದ್ದರು. ಈ ವಿಮಾನವನ್ನು ಕಟ್ಟಿದವರು ಅದನ್ನು ಎಡ ಭುಜದ ಹಿಂದಕ್ಕೆ ಸರಿಸಿದ್ದರು. ಹಿಡಿ ಬಿಗಿಯಾಗಿತ್ತು, ಅದರ ಮೇಲೆ ಗುರುತುಗಳಿರಲಿಲ್ಲ. ಇಂಧನದ ಮಟ್ಟ ತೋರುವ ಗಾಜುಗಳೂ ಬೆನ್ನ ಹಿಂದಿದ್ದವು. ಹೊರಡುವ ಮುನ್ನ ತಂತ್ರಜ್ಞರು ಪೆಟ್ರೋಲ್ ತುಂಬಿಸಲೇ ಎಂದು ಕೇಳಿದಾಗ ಡೆನ್ವರ್ ಬೇಡವೆಂದರು. ಕೆಳಮಟ್ಟದಲ್ಲಿ ಹಾರುತ್ತ ಹಿಡಿ ತಿರುಗಿಸಲು ಹಿಂದಕ್ಕೆ ಹೊರಳಿದಾಗ ಕಾಲು ದಿಕ್ಕು ತಿರುಗಿಸುವ ಬಲ ರಡ್ಡರ್ ಪೆಡಲನ್ನು ಒತ್ತಿ ವಿಮಾನ ಹತೋಟಿ ತಪ್ಪಿತೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಹಿಡಿಯ ಜಾಗ ಬದಲಾದದ್ದನ್ನೂ ಅದು ಕಾರಣಗಳ ಸಾಲಿಗೆ ಸೇರಿಸಿತು. ಹಿಡಿಯೊಂದರ ಸ್ಥಾನಪಲ್ಲಟಕ್ಕೆ ತೆತ್ತ ಬೆಲೆ ಒಂದು ಜೀವ.

ಇದು ಒಂಟಿ ಘಟನೆಯಲ್ಲ. ಇಂಧನ ನಿರ್ವಹಣೆಯ ಎಡವಟ್ಟಿನಿಂದ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳಾಗುತ್ತಿವೆ ಎಂದು ಅದೇ ಮಂಡಳಿ 2017ರಲ್ಲಿ ಎಚ್ಚರಿಸಿತು. ಅವುಗಳಲ್ಲಿ ಶೇ. 95ರಲ್ಲಿ ಮನುಷ್ಯರ ಲೋಪದ ಪಾತ್ರವಿತ್ತು.

ಪೈಲಟ್ ಕಾಣಲಾಗದ ದೋಷವೂ ಉಂಟು. 2015ರ ಮಾರ್ಚ್ 5ರಂದು ನಟ ಹ್ಯಾರಿಸನ್ ಫೋರ್ಡ್ ಹಾರಿಸುತ್ತಿದ್ದ ಎರಡನೇ ಮಹಾಯುದ್ಧ ಕಾಲದ ವಿಮಾನ ಸಾಂಟಾ ಮೋನಿಕಾದಿಂದ ಏರಿದ ಸ್ವಲ್ಪದರಲ್ಲೇ ಶಕ್ತಿ ಕಳೆದುಕೊಂಡಿತು. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್ ತಿರುಪು ಸಡಿಲವಾಗಿ ಕಳಚಿತ್ತು. ರನ್‌ವೇಗೆ ಮರಳಲಾಗದೆಂದು ತಿಳಿದ ಫೋರ್ಡ್ ಗಾಲ್ಫ್ ಮೈದಾನದತ್ತ ತಿರುಗಿದರು. ವಿಮಾನ ಮರವೊಂದರ ತುದಿಗೆ ತಾಗಿ ನೆಲಕ್ಕಪ್ಪಳಿಸಿತು. ಅವರು ತೀವ್ರವಾಗಿ ಗಾಯಗೊಂಡರೂ ಬದುಕಿದರು.

ಎಂಜಿನ್ ನಿಂತ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಗಾಳಿಯಿಲ್ಲದ ದಿನ ಸೆಸ್ನಾ 172 ಎಂಬ ಪುಟ್ಟ ವಿಮಾನ ಸಾವಿರ ಅಡಿ ಎತ್ತರದಿಂದ ಎರಡೂವರೆ ಕಿಲೋಮೀಟರಿನಷ್ಟು ತೇಲಿ ಸಾಗಬಲ್ಲದು. ಆದರೆ ಏರಿದ ಕೂಡಲೇ ಎಂಜಿನ್ ನಿಂತರೆ ಅಷ್ಟು ಎತ್ತರವೇ ಇರುವುದಿಲ್ಲ. ಆಗ ಹಿಂದಿರುಗಲು ಕಡಿದಾಗಿ ತಿರುಗಿಸಿ, ವೇಗ ಕಳೆದುಕೊಂಡು ಸತ್ತವರು ಅನೇಕರು. ಹಾಗಾಗಿಯೇ ನೇರ ಮುಂದೆ ಬಯಲು ಹುಡುಕಿ ಇಳಿಸಿ ಎಂದು ಹಾರಾಟ ಕಲಿಸುವ ಗುರುಗಳು ಮತ್ತೆ ಮತ್ತೆ ಹೇಳುತ್ತಾರೆ.

ಸೆಸ್ನಾ ಹಾರಿಸುವುದನ್ನು ಕಲಿಯಲು ಬಂದವರ ಪಾಠ ನೆಲದ ಮೇಲೆಯೇ ಶುರುವಾಗುತ್ತದೆ. ರೆಕ್ಕೆಯಡಿ ಬಗ್ಗಿ, ಪಾರದರ್ಶಕ ಲೋಟಕ್ಕೆ ತುಸು ಪೆಟ್ರೋಲ್ ಹಿಡಿದು, ಬೆಳಕಿಗೊಡ್ಡಿ ನೋಡಬೇಕು. ತಿಳಿನೀಲಿ ಪೆಟ್ರೋಲಿನ ತಳದಲ್ಲಿ ನೀರಿನ ಹನಿಯೊಂದು ಮಣಿಯಂತೆ ಹೊಳೆದರೆ ಅದನ್ನು ಚೆಲ್ಲಿ ಮತ್ತೆ ಹಿಡಿಯಬೇಕು. ಹನಿ ಕಾಣದಾಗುವವರೆಗೆ ಎಂಜಿನ್ ಶುರು ಮಾಡುವಂತಿಲ್ಲ.