ಅಪ್ಪನ ರೇಡಿಯೋ, ಗಿಂಡಿಯ ಪ್ಲಾಸ್ಟಿಕ್ಕು

ಅಪ್ಪ ಹಾಸನದಿಂದ ಮದ್ರಾಸಿಗೆ ಹೊತ್ತು ತಂದಿದ್ದ ರೇಡಿಯೋದ ಹಿಂಬದಿ ಮುಚ್ಚಳ ಬಿರುಕುಬಿಟ್ಟು ಪುಡಿಯಾಗಿತ್ತು. ರಿಚ್ಚಿ ಸ್ಟ್ರೀಟ್ ಪೂರ್ತಿ ಅಲೆದರೂ ಇನ್ನೊಂದು ಸಿಗಲಿಲ್ಲ. ಆಗ ನೆನಪಾದದ್ದು ಗಿಂಡಿಯ ಸಿಪೆಟ್.

ವಿಶ್ವಸಂಸ್ಥೆಯ ನೆರವು ಪಡೆದು ಕೇಂದ್ರ ಸರ್ಕಾರ 1968ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ಪ್ಲಾಸ್ಟಿಕ್ ತರಬೇತಿ ಸಂಸ್ಥೆ ಅದು. ಈಗ ನಮ್ಮ ಮೈಸೂರಿನಲ್ಲೂ ಶಾಖೆಯಿದೆ. ಆದರೆ ಪ್ಲಾಸ್ಟಿಕ್ ಹಾಳೆ ಕಾಯಿಸಿ, ಅಚ್ಚಿನ ಮೇಲೆ ಹೊದಿಸಿ, ಒಳಗಿನ ಗಾಳಿ ಹೀರುವ ವಿದ್ಯೆಗೆ ದೊಡ್ಡ ಕಾರ್ಖಾನೆಯೇ ಬೇಕೆಂದೇನಿಲ್ಲ ನೋಡಿ. 1960ರ ದಶಕದಲ್ಲೇ ಅಮೆರಿಕದ ಮ್ಯಾಟೆಲ್ ಕಂಪೆನಿ 'ವ್ಯಾಕ್-ಯು-ಫಾರ್ಮ್' ಅಂತ ಇದನ್ನು ಮಕ್ಕಳ ಆಟಿಕೆಯಾಗಿ ಮಾರಿತ್ತು! ಸುಡುವ ತಟ್ಟೆ, ಕೈಪಂಪು, ಅಷ್ಟೇ. ಇವತ್ತಾದರೆ ಯಾವ ತಾಯಿ ಒಪ್ಪುತ್ತಾಳೋ...

ಹೀರುವುದು ಅಂದೆನಲ್ಲ, ಅದು ಅರ್ಧ ಸುಳ್ಳು. ಹಾಳೆಯನ್ನು ಒತ್ತುವುದು ಹೊರಗಿನ ಗಾಳಿ. ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರ. ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಅದರ ಐದನೇ ಒಂದು ಪಾಲು ದಕ್ಕಿದರೂ ತೆಳು ಹಾಳೆಗೆ ಸಾಕು.

ಮೊದಲ ಸಲ ಗೊತ್ತಿಲ್ಲದೆ ಪಿವಿಸಿ ಹಾಳೆಯನ್ನು ಅಡುಗೆಮನೆಯ ಓವನ್ನಿಗಿಟ್ಟೆ. ಅತಿಯಾಗಿ ಕಾದರೆ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಎರಡು ದಿನ ಕೆಮ್ಮು, ಜೊತೆಗೆ ಹೆಂಡತಿಯ ಮಂಗಳಾರತಿ. ಆಮೇಲೆ ಪಾಲಿಸ್ಟೈರೀನ್ ಹಾಳೆ, ಗುಜರಿಯ ಓವನ್, ತೆರೆದ ಮಹಡಿ. ಹಾಳೆ ಜೋಲುಬಿದ್ದ ಕ್ಷಣವೇ ಮರದ ಅಚ್ಚಿಗಿಳಿಸಬೇಕು. ಜಾಸ್ತಿ ಕಾಯಿಸಿದರೆ ಮೂಲೆಯಲ್ಲಿ ತೆಳುವಾಗಿ ಹರಿಯುತ್ತದೆ. ಮೂರು ಹಾಳೆ ಹಾಳು. ನಾಲ್ಕನೆಯದು ಕೂತಿತು.

ಮುಚ್ಚಳ ಹಾಕಿ ಸ್ವಿಚ್ ತಿರುಗಿಸಿದೆ. ಸದ್ಯಕ್ಕೆ ಗರಗರ ಸದ್ದು ಮಾತ್ರ. ಬೆಂಗಳೂರು ಆಕಾಶವಾಣಿಯನ್ನು ರಾತ್ರಿ ಹುಡುಕಬೇಕು.