ಮೊರ, ನೋಟ್‌ಬುಕ್ ಮತ್ತು ಒಂದೂವರೆ ರೂಪಾಯಿ

ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅರಿಶಿನ ಬಳಿದ ಬಾಗಿನದ ಮೊರಗಳನ್ನು ಜೋಡಿ ಜೋಡಿಯಾಗಿ ಪೇರಿಸಿಟ್ಟಿರುತ್ತಾರೆ. ಥೀಸಿಸ್ಸಿನ ಟಿಪ್ಪಣಿಗೆಂದು ಇನ್ನೂರು ಪುಟದ ನೋಟ್‌ಬುಕ್ ಕೊಳ್ಳಲು ಹೋಗಿದ್ದ ನಾನು ಆ ಮೊರಗಳನ್ನು ದಾಟಿಯೇ ಅಂಗಡಿ ಸೇರಬೇಕಾಯಿತು. ಬೀದಿಯ ಮೊರವೂ ಅಂಗಡಿಯ ನೋಟ್‌ಬುಕ್ಕೂ ಒಂದು ಕಾಲಕ್ಕೆ ಒಂದೇ ಬಿದಿರುಮೆಳೆಯ ಮಕ್ಕಳು. ಆ ಮೆಳೆ ಯಾರದ್ದು ಅನ್ನುವ ಜಗಳ ಉತ್ತರ ಕನ್ನಡದ ಕಾಡಿನಲ್ಲಿ ನಡೆಯಿತು.

ಮೈಸೂರು ಸಂಸ್ಥಾನ 1936ರಲ್ಲಿ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪಿಸಿತ್ತು. ಸ್ವಾತಂತ್ರ್ಯ ಬಂದ ಮೇಲೆ ಶಾಲೆ, ಕಚೇರಿ, ಪತ್ರಿಕೆ ಎಲ್ಲವೂ ಹೆಚ್ಚಿ ಕಾಗದ ಸಾಲದಾಯಿತು. 1955ರಲ್ಲಿ ಬಾಂಗಡ್ ಮನೆತನದವರ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಹುಟ್ಟಿತು. ಕಾರ್ಖಾನೆಗೆ ಆರಿಸಿದ ಊರು ದಾಂಡೇಲಿ. ಕಾಗದಕ್ಕೆ ಬೇಕಾದ ಎರಡೂ ಅಲ್ಲಿದ್ದವು: ಕಾಳಿ ನದಿಯ ನೀರು, ಸುತ್ತಲಿನ ಕಾಡಿನ ಬಿದಿರು. ಬಿದಿರನ್ನು ಚೂರು ಮಾಡಿ, ರಾಸಾಯನಿಕದಲ್ಲಿ ಬೇಯಿಸಿ ನಾರು ತೆಗೆಯುತ್ತಾರೆ. ಬಿದಿರಿನ ನಾರು ಉದ್ದ, ಕಾಗದ ಗಟ್ಟಿ.

ಸರ್ಕಾರ ಕಾರ್ಖಾನೆಗೆ ಬಿದಿರು ಕೊಡಲು ಒಪ್ಪಿದ ಬೆಲೆ ಟನ್ನಿಗೆ 1 ರೂಪಾಯಿ 50 ಪೈಸೆ. ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡಬೇಕಿತ್ತು. ಈ ಒಂದೂವರೆ ರೂಪಾಯಿಯನ್ನು ಓದಿದಾಗ ಅಚ್ಚಿನ ತಪ್ಪೆಂದೇ ನಾನು ಅಂದುಕೊಂಡಿದ್ದೆ.

ಮೇದರದು ನಿನ್ನೆ ಮೊನ್ನೆಯ ಕಸುಬಲ್ಲ. ಹನ್ನೆರಡನೇ ಶತಮಾನದ ಶರಣರಲ್ಲೇ ಮೇದಾರ ಕೇತಯ್ಯ ಇದ್ದಾನೆ. ಮೊರ, ಮಂಕರಿ, ತಟ್ಟಿ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ, ಹೀಗೆ ಮನೆಯ ಮತ್ತು ಹೊಲದ ಅರ್ಧ ಸಾಮಾನು ಅವರ ಕೈಯದು. ಬಿದಿರು ಸಿಗುತ್ತಿಲ್ಲವೆಂಬ ಅವರ ದೂರು ಬಲವಾದಾಗ, 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿಗಿಳಿದು ಲೆಕ್ಕ ಹಾಕಲು ಶುರುಮಾಡಿದರು.

ಕಾಡಿನಲ್ಲಿ ಇಷ್ಟು ಬಿದಿರಿದೆ ಎಂದು ಕಾಗದದ ಮೇಲೆ ಬರೆದಿದ್ದ ಅಂದಾಜು ನಿಜಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಮುಳ್ಳಿನ ಸಂಗತಿ. ಬಿದಿರುಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದೆ. ಅದನ್ನು ತೆಗೆದು ಮೆಳೆ ಸ್ವಚ್ಛ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯಾಧಿಕಾರಿಗಳು ನಂಬಿದ್ದರು. ಹಳ್ಳಿಯವರು ಹೇಳಿದ್ದು ಬೇರೆ: ಮುಳ್ಳು ಹೋದರೆ ಎಳೆ ಕಳಲೆಯನ್ನು ದನ, ಕಾಡುಪ್ರಾಣಿಗಳು ತಿಂದುಬಿಡುತ್ತವೆ. ಅಧ್ಯಯನದಲ್ಲಿ ಹಳ್ಳಿಯವರ ಮಾತೇ ಸರಿಯಾಯಿತು. ಅಷ್ಟರವರೆಗೆ ಬಿದಿರು ನಾಶಕ್ಕೆ ಹಳ್ಳಿಯವರ ದನಗಳನ್ನೇ ದೂರುತ್ತಿದ್ದರು!

ಕಾಗದವೇ ಬೇಡವಿತ್ತು ಅನ್ನುವ ಧೈರ್ಯ ನನಗಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ನಮ್ಮಮ್ಮನದು. ಅವರ ನೋಟ್‌ಬುಕ್ಕುಗಳು ಇನ್ನೂ ಅಟ್ಟದ ಮೇಲಿವೆ. ನನ್ನ ತಕರಾರು ಬೆಲೆಯದು. ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುವುದನ್ನು ಯಾರು ತಾನೆ ಕಾಪಾಡಿಕೊಂಡು ಕಡಿಯುತ್ತಾರೆ? ಒಂದು ಕಾಡು ಬರಿದಾದರೆ ಮತ್ತೊಂದು ಕಾಡು. ಬೆಲೆ ನಿಜವಾಗಿದ್ದಿದ್ದರೆ ಬಿದಿರು ನೆಡುವ ಯೋಚನೆ ಮೊದಲೇ ಬರುತ್ತಿತ್ತು.

ಆಮೇಲೆ ಕಾರ್ಖಾನೆಗಳು ನೀಲಗಿರಿ, ಸುಬಾಬುಲ್, ಗಾಳಿಮರಗಳ ಕಡೆ ಹೊರಳಿದವು. ಭದ್ರಾವತಿಯ ಕಾರ್ಖಾನೆ 2015ರ ಹೊತ್ತಿಗೆ ನಿಂತೇಹೋಯಿತು. ದಾಂಡೇಲಿಯದು ಬೆಳೆಯಿತು, 2019ರಲ್ಲಿ ರಾಜಮಹೇಂದ್ರಿಯ ಕಾಗದ ಕಂಪನಿಯನ್ನೂ ಕೊಂಡಿತು. ಇಂದು ನಾವು ಬರೆಯುವ ಹಾಳೆ ಬಹುಪಾಲು ರೈತರ ಹೊಲದಲ್ಲಿ ಬೆಳೆದ ಮರದ್ದು. ಮೇದರಿಗೆ ಆ ಮರಗಳಿಂದ ಉಪಯೋಗವಿಲ್ಲ, ನೀಲಗಿರಿಯಿಂದ ಮೊರ ಹೆಣೆಯಲಾಗದು.

ನೋಟ್‌ಬುಕ್ ಕೊಂಡು ಹೊರಬಂದವಳು ಮೊರವನ್ನೂ ಒಂದು ಜೊತೆ ಕೊಂಡೆ. ಬಿದಿರು ಎಲ್ಲಿಂದ ತರಿಸ್ತೀರಿ ಅಂತ ಕೇಳಿದೆ.

"ಲಾರೀಲಿ ಬರುತ್ತೆ ಅಕ್ಕ. ಎಲ್ಲಿಂದ ಅಂತ ಲಾರಿಯವರನ್ನೇ ಕೇಳ್ಬೇಕು," ಅಂದಳು ಆ ಹೆಂಗಸು, ಚಿಲ್ಲರೆ ಎಣಿಸುತ್ತ.