ರಿಜಿಸ್ಟ್ರಿ ಕ್ಲೀನರ್

ವಿಂಡೋಸ್ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ ಉಳಿದುಹೋದ ನಿರುಪಯುಕ್ತ ನಮೂದುಗಳನ್ನು ಹುಡುಕಿ ಅಳಿಸುವ ತಂತ್ರಾಂಶ. ವಿಂಡೋಸ್ ಮತ್ತು ಅದರ ಮೇಲೆ ನಡೆಯುವ ತಂತ್ರಾಂಶಗಳು ತಮ್ಮ ಸೆಟ್ಟಿಂಗುಗಳನ್ನು ಬರೆದಿಡುವ ದಾಖಲೆಕೋಶವೇ ರಿಜಿಸ್ಟ್ರಿ. ವಿಂಡೋಸ್ 3.1ರಲ್ಲಿ ಸಣ್ಣದಾಗಿ ಕಾಣಿಸಿಕೊಂಡ ಇದು ವಿಂಡೋಸ್ 95ರ ಹೊತ್ತಿಗೆ ಅಲ್ಲಲ್ಲಿ ಚದುರಿದ್ದ ಐಎನ್‌ಐ ಕಡತಗಳ ಜಾಗವನ್ನು ಬಹುಮಟ್ಟಿಗೆ ತುಂಬಿತು.

ತಂತ್ರಾಂಶವೊಂದನ್ನು ತೆಗೆದುಹಾಕಿದಾಗ ಕೆಲವು ನಮೂದುಗಳು ಹಿಂದೆ ಉಳಿಯುವುದು ನಿಜ. ಅವುಗಳಿಂದ ಯಂತ್ರ ನಿಧಾನವಾಗುತ್ತದೆ ಎಂಬ ಮಾತಿಗೆ ಮಾತ್ರ ಬಲವಿಲ್ಲ. ವಿಂಡೋಸ್ ರಿಜಿಸ್ಟ್ರಿಯನ್ನು ಮೊದಲಿಂದ ಕೊನೆಯವರೆಗೆ ಓದುತ್ತ ಕೂರುವುದಿಲ್ಲ; ಮರದಂತೆ ಕವಲೊಡೆದ ಕೀಗಳಲ್ಲಿ ಬೇಕಾದ್ದನ್ನು ಹೆಸರು ಹಿಡಿದು ಹುಡುಕುತ್ತದೆ. ಲಕ್ಷಾಂತರ ನಮೂದುಗಳಲ್ಲಿ ಕೆಲವು ನೂರನ್ನು ಅಳಿಸಿದರೆ ಸಿಗುವ ಜಾಗ ಅತ್ಯಲ್ಪ. ಆದರೆ ಬೇಕಾದ ಒಂದೇ ಕೀ ಅಳಿದರೂ ತಂತ್ರಾಂಶ ಕೆಡಬಹುದು, ವಿಂಡೋಸೇ ಏಳದೆ ಹೋಗಬಹುದು. ಹಿಂದೊಮ್ಮೆ ರೆಗ್‌ಕ್ಲೀನ್ ಎಂಬ ಸಾಧನವನ್ನು ತಾನೇ ಹಂಚಿದ್ದ ಮೈಕ್ರೋಸಾಫ್ಟ್ ಈಗ ಇಂಥವುಗಳ ಬಳಕೆಯನ್ನು ಬೆಂಬಲಿಸುವುದಿಲ್ಲ.

ಉಚಿತ ತಪಾಸಣೆ, ನೂರಾರು ‘ದೋಷ’ಗಳ ಕೆಂಪು ಪಟ್ಟಿ, ಆಮೇಲೆ ರಿಪೇರಿಗೆ ಹಣ: ಇದು ಹಳೆಯ ವರಸೆ. ಹೀಗೆ ಹೆದರಿಸಿ ಮಾರುವ ಕ್ಲೀನರುಗಳನ್ನು 2018ರ ಮಾರ್ಚ್‌ನಿಂದ ವಿಂಡೋಸ್ ಡಿಫೆಂಡರ್ ಅನಪೇಕ್ಷಿತವೆಂದು ಗುರುತಿಸತೊಡಗಿತು. ಹೆಸರುವಾಸಿ ಸಿಕ್ಲೀನರ್‌ನ 5.33 ಆವೃತ್ತಿಯೊಳಗೇ 2017ರಲ್ಲಿ ಕಿಡಿಗೇಡಿಗಳು ಕುತಂತ್ರಾಂಶ ಸೇರಿಸಿದ್ದರು.

ಚೆನ್ನೈನ ನುಂಗಂಬಾಕ್ಕಂನ ಕಚೇರಿಯಲ್ಲಿ ತೆವಳುವ ಹಳೆಯ ಕಂಪ್ಯೂಟರಿಗೆ, ಅದೇ ಊರಿನ ರಿಚ್ಚಿ ಸ್ಟ್ರೀಟಿನಲ್ಲಿ ಸಿಗುವ ಎಸ್‌ಎಸ್‌ಡಿ ಅಥವಾ ಹೆಚ್ಚುವರಿ ರ‍್ಯಾಮ್ ಮಾಡುವ ಉಪಕಾರವನ್ನು ಯಾವ ಕ್ಲೀನರೂ ಮಾಡದು. ಬೆಂಗಳೂರಿಗರಿಗೆ ಎಸ್.ಪಿ. ರಸ್ತೆಯಿದೆ.